ನಮ್ಮ ವಂಶವೃಕ್ಷಕ್ಕೆ ಬಿದ್ದ ಕೆಂಪು ಗುರುತು

ವಯಸ್ಸಾಗುತ್ತಾ ಬಂದಂತೆ ಕೆಲವರಿಗೆ ತೀರ್ಥಯಾತ್ರೆಯ ಹುಚ್ಚು ಹಿಡಿಯುತ್ತದೆ, ಇನ್ನು ಕೆಲವರಿಗೆ ಟೆರೇಸಿನ ಮೇಲೆ ಬದನೆಕಾಯಿ ಬೆಳೆಯುವ ಹುಚ್ಚು. ನನ್ನ ಹುಚ್ಚು ಅಷ್ಟು ನಿರುಪದ್ರವಿಯಾದದ್ದಲ್ಲ. ಹನ್ನೆರಡು ವರ್ಷದಿಂದ, ಅಂದರೆ ಸರ್ಕಾರಿ ಕಚೇರಿಯೊಂದರ ದಾಖಲೆ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಕಾಲದಿಂದಲೂ, ನಾನು ನಮ್ಮ ಮನೆತನದ ವಂಶವೃಕ್ಷವನ್ನು ಇಂಟರ್‌ನೆಟ್ಟಿನಲ್ಲಿ ಬೆಳೆಸುತ್ತಾ ಬಂದಿದ್ದೇನೆ. ಬಸವೇಶ್ವರನಗರದ ನಮ್ಮ ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಉಪ್ಪಿನಕಾಯಿ ಜಾಡಿ. ನನ್ನ ಹೆಂಡತಿ ಶಾರದ ಹೇಳುವ ಪ್ರಕಾರ, ಇದ್ದವರನ್ನು ಮಾತಾಡಿಸಲು ಪುರುಸೊತ್ತಿಲ್ಲದ ನಾನು ಸತ್ತವರ ಹಿಂದೆ ಬಿದ್ದಿದ್ದೇನೆ. ಅವಳಿಗೆ ಗೊತ್ತಿಲ್ಲ, ಸತ್ತವರಿಂದ ನನಗೆ ಈವರೆಗೆ ಒಂದು ಫೋನೂ ಬಂದಿಲ್ಲ. ಉಪದ್ರವವೆಲ್ಲ ಇದ್ದವರದೇ.

ಮೊದಲ ವರ್ಷವೇ ಇದರ ರುಚಿ ಸಿಕ್ಕಿತ್ತು. ನಮ್ಮವರು ಮೂಲತಃ ಹೇರೋಹಳ್ಳಿಯ ಬೇಸಾಯಗಾರರು. ಈಗ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮೂರಂತಸ್ತಿನ ಮನೆಗಳಾಗಿವೆ. ನಾನು ಸಂಬಂಧಿಕರಿಗೆಲ್ಲ ಫೋನು ಮಾಡಿ, "ವಂಶವೃಕ್ಷ ಮಾಡ್ತಾ ಇದೀನಿ, ನಿಮ್ಮ ಕಡೆಯವರ ಹೆಸರು ಹೇಳಿ" ಎಂದು ಕೇಳಿದೆ. ಒಬ್ಬರಾದ ಮೇಲೊಬ್ಬರು ಕೇಳಿದ ಪ್ರಶ್ನೆ ಒಂದೇ: "ಯಾವ ಸರ್ವೆ ನಂಬರಿಗೆ?" ಜಮೀನು ಭಾಗವಾಗುವಾಗ ತಾಲ್ಲೂಕು ಕಚೇರಿಗೆ ಕೊಡುವ ಕಾಗದವನ್ನು ಬಿಟ್ಟರೆ ವಂಶವೃಕ್ಷಕ್ಕೆ ಬೇರೆ ಉಪಯೋಗವಿದೆಯೆಂದು ಅವರು ಕೇಳಿಯೇ ಇರಲಿಲ್ಲ. ಮುತ್ತಜ್ಜಿಯ ಹೆಸರು ಕೇಳಿದ ತಪ್ಪಿಗೆ ಒಬ್ಬ ದಾಯಾದಿ ವಕೀಲರನ್ನು ಕಂಡು ಬಂದನಂತೆ.

ತಂತ್ರಾಂಶವೂ ಕಮ್ಮಿಯದಲ್ಲ. ಅದನ್ನು ಬರೆದವರು ಯಾವ ದೇಶದವರೋ, ಅವರಿಗೆ ನಮ್ಮ ಸಂಬಂಧಗಳು ತಲೆಗೆ ಹೋಗುವುದಿಲ್ಲ. ನನ್ನ ದೊಡ್ಡಪ್ಪನ ಮಗ ತನ್ನ ಅಕ್ಕನ ಮಗಳನ್ನೇ ಮದುವೆಯಾದವನು. ಅಕ್ಕನೇ ಅತ್ತೆ, ಭಾವನೇ ಮಾವ ಎಂದು ತುಂಬಿಸಿದಾಗ ಅದು "ಖಚಿತವೇ?" ಎಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ನಾನು ಹೌದೆಂದಾಗ ತಾನಾಗಿ ಮುಚ್ಚಿಕೊಂಡಿತು. ಅಷ್ಟಾದರೂ ನಾನು ಬಿಡಲಿಲ್ಲ; ಈ ವರ್ಷ ಎಲ್ಲರ ಫೋನ್ ನಂಬರನ್ನೂ ಅದಕ್ಕೆ ತುಂಬಿಸಿದ್ದೆ. ದಾಖಲೆ ವಿಭಾಗದಲ್ಲಿ ಮೂವತ್ತು ವರ್ಷ ಸವೆಸಿದವನು. ನನಗೆ ದಾಖಲೆಯೆಂದರೆ ದಾಖಲೆ. ಯಾರು ಅತ್ತರೂ ಒಂದು ಅಕ್ಷರ ತಿದ್ದುವವನಲ್ಲ ಎಂದು ಮನೆತನದಲ್ಲಿ ನನಗೊಂದು ಹೆಸರೂ ಇತ್ತು.

ಹೀಗಿರುವಾಗ ಕಳೆದ ತಿಂಗಳು ಕುರುಬರಹಳ್ಳಿಯಿಂದ ನನ್ನ ಸೋದರತ್ತೆ ರಾಜಮ್ಮನ ಫೋನು ಬಂತು. ರಾಜಮ್ಮತ್ತೆ ನನ್ನ ತಂದೆಯ ತಂಗಿ. ಅವರ ದನಿ ಫೋನಿಲ್ಲದೆಯೂ ಬಸವೇಶ್ವರನಗರಕ್ಕೆ ಕೇಳಿಸುವಂಥದ್ದು.

"ಲೋ ಕಿಟ್ಟಿ, ನನ್ನ ಮಾನ ಕಳೆದ್ಯಲ್ಲೋ!"

ಆದದ್ದಿಷ್ಟು. ಅತ್ತೆಯ ಮನೆ ಹತ್ತಿರದ ಪಾರ್ಕಿನಲ್ಲಿ ಹಿರಿಯರದೊಂದು ನಗೆಕೂಟವಿದೆ. ದಿನಾ ಬೆಳಿಗ್ಗೆ ಎಲ್ಲರೂ ಕೈ ಮೇಲೆತ್ತಿ ಕಾರಣವಿಲ್ಲದೆ ನಗುತ್ತಾರೆ. ವರ್ಷಕ್ಕೊಮ್ಮೆ ಎಪ್ಪತ್ತರೊಳಗಿನ ಹೆಂಗಸರಿಗೆ ವೇಗದ ನಡಿಗೆಯ ಸ್ಪರ್ಧೆ ಇಡುತ್ತಾರೆ. ಎರಡು ವರ್ಷದಿಂದ ಮೊದಲ ಬಹುಮಾನದ ಕುಕ್ಕರು ನಮ್ಮ ಅತ್ತೆಯದೇ. ಎರಡನೆಯ ಬಹುಮಾನದ ಹಾಟ್‌ಬಾಕ್ಸು ಎರಡೂ ಸಲ ವಿಮಲಮ್ಮ ಎಂಬಾಕೆಗೆ. ಆ ದಿನ ಎಲ್ಲರೂ ನಗುತ್ತಿದ್ದಾಗ ಅತ್ತೆಯ ಫೋನು 'ಟಿಂಗ್' ಎಂದಿದೆ. ಅತ್ತೆ ಕನ್ನಡಕ ಒಯ್ದಿರಲಿಲ್ಲ. "ಏನ್ ಬಂದಿದೆ ನೋಡಮ್ಮ ವಿಮಲಾ" ಎಂದು ಪಕ್ಕದಲ್ಲಿದ್ದವರಿಗೇ ಕೊಟ್ಟಿದ್ದಾರೆ. ವಿಮಲಮ್ಮ ಫೋನು ದೂರಕ್ಕೆ ಹಿಡಿದು, ಇಡೀ ಪಾರ್ಕಿಗೆ ಕೇಳುವಂತೆ ಓದಿದ್ದಾರೆ: "ರಾಜಮ್ಮನವರಿಗೆ ಎಪ್ಪತ್ತಾರನೇ ಹುಟ್ಟುಹಬ್ಬದ ಶುಭಾಶಯಗಳು. ನಿಮ್ಮ ವಂಶವೃಕ್ಷ."

ಅಲ್ಲಿಗೆ ನಗೆ ನಿಂತಿತು.

"ಕಂಪ್ಯೂಟರ್ ತಪ್ಪು ಬರೆದಿದೆ, ನಮ್ಮ ಕಿಟ್ಟಿ ಸರಿ ಮಾಡ್ತಾನೆ ಅಂತ ಹೇಳಿ ಬಂದಿದೀನಿ. ಭಾನುವಾರ ಸ್ಪರ್ಧೆ. ಅಷ್ಟರೊಳಗೆ ಅರವತ್ತೊಂಬತ್ತು ಮಾಡು" ಎಂದರು ಅತ್ತೆ.

"ಅದು ರೇಷನ್ ಕಾರ್ಡ್ ನೋಡಿ ಬರೆದದ್ದು ಅತ್ತೆ."

"ನನ್ನ ಹೆಸರನ್ನೇ ರಾಜಪ್ಪ, ಗಂಡು ಅಂತ ಬರೆದವರು ವಯಸ್ಸು ಸರಿಯಾಗಿ ಬರೀತಾರೇನೋ? ನಾನು ಹುಟ್ಟಿದಾಗ ನೀನು ಅಲ್ಲಿದ್ಯಾ?"

ನಾನು ದಾಖಲೆ, ಸತ್ಯ, ಮುಂದಿನ ಪೀಳಿಗೆ ಎಂದೆಲ್ಲ ಎರಡು ನಿಮಿಷ ಭಾಷಣ ಮಾಡಿದೆ. ಅತ್ತೆ ಅಳಲು ಶುರು ಮಾಡಿದರು. ಶಾರದ ಅಡುಗೆಮನೆಯಿಂದಲೇ, "ರೀ, ಏಳು ವರ್ಷಕ್ಕೆ ಯಾಕೆ ಹೀಗೆ ಹಟ ಮಾಡ್ತೀರಿ? ನಿಮ್ಮ ಸ್ವಂತದ್ದೇನು ಹೋಗಲ್ವಲ್ಲ" ಎಂದಳು. ನಾನು ಹಲ್ಲು ಕಚ್ಚಿಕೊಂಡು, ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ, ಸುಳ್ಳೊಂದನ್ನು ಒತ್ತಿದೆ. ಅತ್ತೆ ಅರವತ್ತೊಂಬತ್ತಾದರು.

ತಕ್ಷಣ ನಮ್ಮಜ್ಜಿಯ ಹೆಸರಿನ ಪಕ್ಕ ಕೆಂಪು ಗುರುತು ಹೊತ್ತಿಕೊಂಡಿತು. ಅತ್ತೆಯ ಬೆನ್ನಿಗೆ ಹುಟ್ಟಿದವರು ಗಂಗರಾಜು ಚಿಕ್ಕಪ್ಪ, ಅವರಿಗಿಂತ ಏಳು ವರ್ಷ ನಾಲ್ಕು ತಿಂಗಳು ಚಿಕ್ಕವರು. ಏಳು ವರ್ಷ ಕಳೆದರೆ ಉಳಿಯುವುದು ನಾಲ್ಕು ತಿಂಗಳು. 'ಒಬ್ಬ ತಾಯಿಗೆ ನಾಲ್ಕು ತಿಂಗಳ ಅಂತರದಲ್ಲಿ ಎರಡು ಹೆರಿಗೆ. ದಯವಿಟ್ಟು ಪರಿಶೀಲಿಸಿ' ಎಂದು ತಂತ್ರಾಂಶ ವಿನಯದಿಂದ ಕೇಳುತ್ತಿತ್ತು. ಕೇಳಿ ಸುಮ್ಮನಿದ್ದಿದ್ದರೆ ಸರಿ, ಅದೇ ಪ್ರಶ್ನೆಯನ್ನು ಚಿಕ್ಕಪ್ಪನ ಫೋನಿಗೂ ಕಳಿಸಿತ್ತು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಹೇರೋಹಳ್ಳಿಯಿಂದ ಸ್ಕೂಟರಿನಲ್ಲಿ ಬಂದಿಳಿದರು. ಗುಂಡಿಗಳೇ ತುಂಬಿದ ಆ ರಸ್ತೆಯಲ್ಲಿ ಬಂದವರು ಬಂದ ಕೂಡಲೇ ಮಾತಾಡುವುದಿಲ್ಲ. ಮೊದಲು ಸೊಂಟ ಹಿಡಿದು ನಿಂತು, ಮೂಳೆಗಳೆಲ್ಲ ಬಂದಿವೆಯೇ ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ಚಿಕ್ಕಪ್ಪ, "ನಮ್ಮವ್ವನಿಗೆ ನಾಲ್ಕೇ ತಿಂಗಳಿಗೆ ನಾನು ಹುಟ್ಟಿದ್ನಾ? ನಾನೇನು ಕೋಳಿಮರಿನಾ?" ಎಂದರು. ಅತ್ತೆಯ ಕಥೆ ಹೇಳಿದೆ. ಅಕ್ಕನ ಕುಕ್ಕರಿನ ಮೇಲೆ ಅವರಿಗೂ ಅಭಿಮಾನವಿತ್ತು. ಕಾಫಿ ಕುಡಿದು, ಉದಾರವಾಗಿ, "ಹಂಗಾದ್ರೆ ನನಗೂ ಐದು ವರ್ಷ ಕಡಿಮೆ ಮಾಡು. ಅಕ್ಕನಿಗೋಸ್ಕರ ಅಷ್ಟೂ ಮಾಡ್ದೆ ಇರ್ತೀನಾ" ಎಂದು ತಮ್ಮ ತ್ಯಾಗಕ್ಕೆ ತಾವೇ ಕಣ್ಣೊರೆಸಿಕೊಂಡರು. ಅರವತ್ತೆಂಟು ದಾಟಿದ ಚಿಕ್ಕಪ್ಪ ಅರವತ್ಮೂರಕ್ಕೆ ಇಳಿದು ಹೋದರು.

ಅವರು ಮನೆ ಮುಟ್ಟುವ ಮೊದಲೇ ಚಿಕ್ಕಮ್ಮನ ಫೋನು. ಚಿಕ್ಕಮ್ಮನಿಗೆ ಅರವತ್ತೈದು. "ಏನ್ ಕಿಟ್ಟಪ್ಪ, ನಾನು ನಮ್ಮನೆಯವರಿಗಿಂತ ದೊಡ್ಡವಳಾದ್ನಂತೆ? ನನ್ನ ಸೊಸೆ ನೋಡಿ ನಗ್ತಾವ್ಳೆ." ಸರಿ, ಅವರಿಗೂ ಐದು ಕಳೆದೆ. ಕೆಂಪು ಗುರುತು ಮತ್ತೆ ಬಂತು: ಅರವತ್ತರ ಚಿಕ್ಕಮ್ಮನಿಗೆ ನಲವತ್ನಾಲ್ಕರ ಮಗ ಮಂಜುನಾಥ, ಅಂದರೆ ಹದಿನಾರಕ್ಕೆ ಹೆರಿಗೆ. "ಅಯ್ಯಯ್ಯೋ, ಬಾಲ್ಯವಿವಾಹ ಅಂತ ಪೊಲೀಸ್ನೋರು ಬಂದ್ರೆ?" ಎಂದು ಚಿಕ್ಕಮ್ಮ ಗಾಬರಿಯಾದರು. ಮಂಜುನಾಥನಿಗೂ ಐದು ಕಳೆದೆ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಹದಿನೇಳನೇ ವಯಸ್ಸಿಗೆ ಪಾರಾಗಿದ್ದ ಮಂಜುನಾಥ, ನನ್ನ ಬೆರಳ ತುದಿಯಿಂದ ಹನ್ನೆರಡಕ್ಕೇ ಪಾಸಾದ ಮೇಧಾವಿಯಾದ. ಅವನು ಮಾತ್ರ ತಕರಾರು ಮಾಡಲಿಲ್ಲ. "ಸೂಪರ್ ಅಣ್ಣ, ಹಿಂಗೇ ಇರ್ಲಿ" ಎಂದು ಸಂದೇಶ ಕಳಿಸಿದ.

ಶುಕ್ರವಾರದ ಹೊತ್ತಿಗೆ ನಮ್ಮ ವಂಶವೃಕ್ಷ ಹಣ್ಣು ಬಿಟ್ಟ ದಾಳಿಂಬೆ ಗಿಡದ ಹಾಗೆ ಕೆಂಪಗೆ ತೂಗುತ್ತಿತ್ತು. ನನಗೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಇನ್ನು ಸಾಧ್ಯವಿಲ್ಲ, ಸಾಕ್ಷಿ ಹುಡುಕಿ ಸತ್ಯವನ್ನೇ ಸ್ಥಾಪಿಸಿ, ಎಲ್ಲರನ್ನೂ ಅವರವರ ವಯಸ್ಸಿಗೆ ವಾಪಸ್ ಕಳಿಸಿಬಿಡುತ್ತೇನೆ ಎಂದು ತೀರ್ಮಾನಿಸಿದೆ. ಸಾಕ್ಷಿ ಮನೆಯಲ್ಲೇ ಇತ್ತು. ಎಂಬತ್ನಾಲ್ಕು ವರ್ಷದ ನಮ್ಮಮ್ಮ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅಮ್ಮ, ನೀನು ಮದುವೆಯಾಗಿ ಬಂದಾಗ ರಾಜಮ್ಮತ್ತೆಗೆ ಎಷ್ಟು ವಯಸ್ಸು?"

"ಒಂಬತ್ತು" ಎಂದಳು ಅಮ್ಮ, ತಲೆಯೆತ್ತದೆ. "ಗಂಗರಾಜೂನ ಸೊಂಟದಲ್ಲಿ ಕೂರಿಸ್ಕೊಂಡು ಬಾಗಿಲಲ್ಲಿ ನಿಂತಿದ್ಲು. ಅವನಿಗಿನ್ನೂ ಎರಡು ತುಂಬಿರಲಿಲ್ಲ. ಮೂಗು ಸುರೀತಿತ್ತು."

"ನಿನಗೆ?"

"ನನಗೆ ಹದಿನೇಳು."

ನಾನು ಲೆಕ್ಕ ಹಾಕಿದೆ. ಅರವತ್ತೇಳು ವರ್ಷದ ಹಿಂದೆ ಒಂಬತ್ತು, ಈಗ ಎಪ್ಪತ್ತಾರು. ರೇಷನ್ ಕಾರ್ಡಿನ ರಾಜಪ್ಪ ಗಂಡಲ್ಲದಿದ್ದರೂ ವಯಸ್ಸು ಸರಿಯಾಗಿತ್ತು! ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ನಿಂತೇಬಿಟ್ಟೆ. "ನೋಡಿದ್ಯಾ ಶಾರದಾ? ದಾಖಲೆ ಅಂದ್ರೆ ದಾಖಲೆ. ಈಗಲೇ ಎಲ್ಲಾ ಸರಿ ಮಾಡ್ತೀನಿ."

ಅಮ್ಮ ಇನ್ನೊಂದು ಕಾಯಿ ಸುಲಿದಳು. "ಅದಾದ ಎರಡನೇ ವರ್ಷಕ್ಕೆ ನೀನು ಹುಟ್ದೆ."

ನಾನು ನಿಂತಲ್ಲೇ ಇನ್ನೊಮ್ಮೆ ಲೆಕ್ಕ ಹಾಕಿದೆ. ಅರವತ್ತೈದು ಬಂತು. ಮತ್ತೆ ಹಾಕಿದೆ. ಅರವತ್ತೈದೇ. ನನಗೆ ಅರವತ್ತೆರಡು. ಅಂದರೆ, ಹಾಗೆಂದು ನನ್ನ ಮಾರ್ಕ್ಸ್ ಕಾರ್ಡು, ನನ್ನ ಸೇವಾ ಪುಸ್ತಕ, ನನ್ನ ಪೆನ್ಷನ್ ಪುಸ್ತಕ ಎಲ್ಲವೂ ಹೇಳುತ್ತವೆ.

"ಅಮ್ಮ, ಮೂರು ವರ್ಷ ವ್ಯತ್ಯಾಸ ಬರ್ತಿದೆಯಲ್ಲ?"

"ಬರದೆ ಏನು? ಸ್ಕೂಲಿಗೆ ಸೇರಿಸುವಾಗ ನಿಮ್ಮಪ್ಪ ಮೇಷ್ಟ್ರಿಗೆ ಹೇಳಿ ಮೂರು ವರ್ಷ ಕಮ್ಮಿ ಬರೆಸಿದ್ರು. ನೀನು ಸ್ವಲ್ಪ ಮಂದ ಇದ್ದೆ ಕಣೋ. ನಿಧಾನಕ್ಕೆ ಓದ್ಕೊಳ್ಳಲಿ, ಹುಡುಗ ಹಿಂದೆ ಬಿದ್ದ ಅಂತ ಯಾರೂ ಅನ್ನಬಾರದು ಅಂತ."

ನಾನು ಕುಳಿತುಕೊಂಡೆ. ಇಡೀ ಕಚೇರಿಯ ಜನನ ದಿನಾಂಕಗಳನ್ನು ಭೂತಗನ್ನಡಿ ಹಿಡಿದು ತಪಾಸಣೆ ಮಾಡಿದವನು, ಮೂರು ತಿಂಗಳ ವ್ಯತ್ಯಾಸಕ್ಕೆ ಒಬ್ಬ ಜವಾನನ ಕಡತವನ್ನು ಮೂರು ಸಲ ಹಿಂದಕ್ಕೆ ಕಳಿಸಿದವನು, ನಿವೃತ್ತಿಯ ವಯಸ್ಸು ದಾಟಿ ಮೂರು ವರ್ಷ ಅದೇ ಕುರ್ಚಿಯಲ್ಲಿ ಕೂತು ಪ್ರಾಮಾಣಿಕತೆಯ ಬಗ್ಗೆ ಹೊಸಬರಿಗೆ ತರಬೇತಿ ಕೊಟ್ಟಿದ್ದೆ. ವಂಶವೃಕ್ಷವನ್ನು ಅಮ್ಮನ ಮಾತಿನ ಪ್ರಕಾರ ಸರಿ ಮಾಡಿದರೆ ಅತ್ತೆಗೆ ಹೋಗುವುದು ಒಂದು ಕುಕ್ಕರು. ನನಗೆ ಹೋಗುವುದು ಏನೇನೆಂದು ಬೆರಳು ಮಡಚಿ ಎಣಿಸತೊಡಗಿದೆ: ಮೂರು ವರ್ಷದ ಸಂಬಳ, ಪೆನ್ಷನ್, ಹೆಸರು.

ಆಗ ನನಗೆ ಕಂಡದ್ದು ಆ ಪುಟ್ಟ ಚೌಕ. ತಂತ್ರಾಂಶದಲ್ಲಿ ಹುಟ್ಟಿದ ವರ್ಷದ ಪಕ್ಕ 'ಸುಮಾರು' ಎಂಬ ಚೌಕವೊಂದಿದೆ. ಅದನ್ನು ಒತ್ತಿದರೆ ತಂತ್ರಾಂಶ ಮುಂದೆ ಪ್ರಶ್ನೆ ಕೇಳುವುದಿಲ್ಲ, ಕೆಂಪು ಗುರುತು ಹಾಕುವುದಿಲ್ಲ. ಸೋಮಾರಿಗಳಿಗಾಗಿ ಇಟ್ಟಿದ್ದಾರೆಂದು ಇಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ಸಂಜೆಯೊಳಗೆ ಅತ್ತೆ ಸುಮಾರು ಅರವತ್ತೊಂಬತ್ತಾದರು, ಚಿಕ್ಕಪ್ಪ ಸುಮಾರು ಅರವತ್ಮೂರು, ಚಿಕ್ಕಮ್ಮ, ಮಂಜುನಾಥ ಎಲ್ಲರೂ ಸುಮಾರು. ಕೆಂಪೆಲ್ಲ ಇಳಿದು ಹೋಯಿತು. ಭಾನುವಾರ ಅತ್ತೆ ವಿಮಲಮ್ಮನನ್ನು ಇಪ್ಪತ್ತು ಹೆಜ್ಜೆ ಹಿಂದೆ ಬಿಟ್ಟು ಮೂರನೆಯ ಕುಕ್ಕರು ಗೆದ್ದರು. "ನಮ್ಮ ಕಿಟ್ಟಿ ಚಿನ್ನದಂಥ ಹುಡುಗ" ಎಂದು ಊರೆಲ್ಲ ಹೇಳಿಕೊಂಡು ಬಂದರಂತೆ.

ನನ್ನ ಬೆನ್ನ ಹಿಂದೆ ನಿಂತು ಲ್ಯಾಪ್‌ಟಾಪ್ ನೋಡುತ್ತಿದ್ದ ಶಾರದ ಕೇಳಿದಳು: "ಎಲ್ಲರದೂ ಸುಮಾರು ಅಂತಿದೆ. ನಿಮ್ಮದೊಂದಕ್ಕೆ ಮಾತ್ರ ಇಲ್ವಲ್ಲ ರೀ?"

"ಅವರದೆಲ್ಲ ಬಾಯಿಮಾತು ಕಣೇ" ಎಂದೆ, ಕನ್ನಡಕ ಸರಿಮಾಡಿಕೊಂಡು. "ನನ್ನದು ಸ್ಕೂಲಿನ ದಾಖಲೆ."