ಲಗ್ನಪತ್ರಿಕೆಯ ಲ್ಯಾಪ್‌ಟಾಪು

ಹೊಸದನ್ನು ಕೊಳ್ಳುವವರನ್ನು ಕಂಡರೆ ನನಗೆ ಕನಿಕರ. ವಸ್ತು ಯಾವುದೇ ಇರಲಿ, ಒಬ್ಬರ ಕೈಯಲ್ಲಿ ಪಳಗಿದ ಮೇಲೆ ಕೊಳ್ಳಬೇಕು, ಜೊತೆಗಿರುವುದನ್ನೆಲ್ಲ ಕೇಳಿ ಪಡೆಯಬೇಕು. ರಾಯಚೂರಿನಲ್ಲಿ ಕೇಳಿದವರಿಗೂ ಕೇಳದವರಿಗೂ ನಾನು ಕೊಡುತ್ತ ಬಂದ ಸಲಹೆ ಇದು. ದೇವದುರ್ಗದ ಲಗ್ನಪತ್ರಿಕೆ ಅಂಗಡಿಯವನು ತನ್ನ ಹಳೇ ಲ್ಯಾಪ್‌ಟಾಪನ್ನು ನನಗೆ ಮಾರುವಾಗ ಒಳಗಿನದನ್ನೆಲ್ಲ ಅಳಿಸಲು ಹೊರಟಿದ್ದ. "ಅಳಸಬ್ಯಾಡ್ರಿ, ರೊಕ್ಕ ಕೊಟ್ಟೀನಿ, ಒಳಗಿಂದೂ ನಂದ" ಎಂದು ಕೈ ಹಿಡಿದು ತಡೆದೆ. ಅಕ್ಕಿ ಗಿರಣಿಗಳ ತೂಕದ ಸಾಫ್ಟ್‌ವೇರನ್ನು ಅದರಲ್ಲೇ ಬರೆದು ಬದುಕು ಕಟ್ಟಿಕೊಂಡೆ.

ಈ ಸುಗ್ಗಿಗೆ ಮಾನ್ವಿಯ ಗಿರಣಿಗೆ ಹೊಸ ನಮೂನೆಯ ತೂಕದ ಚೀಟಿ ಬೇಕಾಯಿತು. ಚೀಟಿ ಚೆನ್ನಾಗಿ ಬಂದರೆ ಮಾಲೀಕ ಶರಣಪ್ಪನವರು ತಮ್ಮ ಸಿರವಾರದ ಗಿರಣಿಯನ್ನೂ ನಮಗೇ ಒಪ್ಪಿಸುವವರಿದ್ದರು. ಕೆಟ್ಟರೆ ಮಾನ್ವಿಯದೂ ಕೈಬಿಡುತ್ತಿತ್ತು. ನನ್ನ ಪಾಲುದಾರಳು ನಸ್ರೀನ್ ತನ್ನ ಕಂಪ್ಯೂಟರಿನಲ್ಲಿ ಅದನ್ನು ಕಂಪೈಲ್ ಮಾಡಿದಾಗ, ಅಂದರೆ ಬಿಡಿ ಫೈಲುಗಳನ್ನೆಲ್ಲ ಕೂಡಿಸಿ ಓಡುವ ಪ್ರೋಗ್ರಾಮು ಮಾಡಹೊರಟಾಗ, ಚೀಟಿಯ ಅಡಿಬರಹದ ಫೈಲೇ ಇಲ್ಲವೆಂದು ಅದು ಮುಷ್ಕರ ಹೂಡಿತು. ನನ್ನದರಲ್ಲಿ ಸರಾಗವಾಗಿ ಆಯಿತು.

"ನಿಮ್ಮದ್ರಾಗ ಆತಂದ್ರ ಆದಂಗಲ್ರೀ ಭಾಯ್. ಕಂಪ್ಯೂಟರಿನ್ಯಾಗ ಒಂದು ಖಾಲಿ ಡಬ್ಬಿ ಮಾಡ್ತೀನಿ, ನಾವು ಕೊಟ್ಟಿದ್ದು ಬಿಟ್ರ ಹೊರಗಿಂದೇನೂ ಅದಕ್ಕ ಕಾಣಂಗಿಲ್ಲ. ಅದ್ರಾಗ ಕಂಪೈಲ್ ಆದ್ರ ಎಲ್ಲಿ ಬೇಕಾದ್ರೂ ಆಗ್ತದ" ಎಂದಳು.

"ತುಂಬಿದ ಮನಿ ಇರಬೇಕಾದ್ರ ಖಾಲಿ ಡಬ್ಬಿ ಯಾಕವ್ವಾ" ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಆದದ್ದನ್ನೇ ಗಿರಣಿಗೆ ಕಳಿಸಿಬಿಟ್ಟೆ.

ಮರುದಿನ ಶರಣಪ್ಪನವರು ಚೀಟಿ ಹಿಡಿದುಕೊಂಡೇ ಬಂದರು. ಮೇಲೆ ಭತ್ತದ ತೂಕ ಸರಿಯಾಗಿಯೇ ಇತ್ತು. ಕೆಳಗೆ ಎರಡು ಗಿಣಿ, ನಡುವೆ 'ತಮ್ಮ ಆಗಮನ ಬಯಸುವ ಬಂಧುಮಿತ್ರರು'.

"ಲಗ್ನ ಯಾರದ್ರೀ ಅಂತ ಕೇಳಾಕತ್ತಾರ ರೈತರು. ಒಬ್ಬಾಂವ ಊಟಕ್ಕ ಕುಂತಾನ, ಏಳವಲ್ಲ."

ನಮ್ಮ ಅಡಿಬರಹದ ಫೈಲನ್ನು ನಾನು ಸೇರಿಸಿಯೇ ಇರಲಿಲ್ಲ. ಲ್ಯಾಪ್‌ಟಾಪು ಹುಡುಕಾಡಿ, ಅದೇ ಹೆಸರಿನ ಲಗ್ನಪತ್ರಿಕೆಯ ಫೈಲನ್ನು ಎತ್ತಿಕೊಂಡಿತ್ತು. ನಸ್ರೀನ್ ಇದನ್ನು ವಿವರಿಸುವಷ್ಟರಲ್ಲಿ ಶರಣಪ್ಪನವರು ತಲೆಯಾಡಿಸಿದರು. "ಒಂದು ಲಾಟ್ ಮುಗಿದ ಮ್ಯಾಲೆ ಮಷಿನ್ ಝಾಡಿಸಲಿಲ್ಲಂದ್ರ ಹಿಂದಿನ ನುಚ್ಚು ಮುಂದಿನ ಅಕ್ಕಿಯಾಗ ಬರ್ತದ. ಇಷ್ಟೂ ಗೊತ್ತಿಲ್ಲೇನ್ರಿ ನಿಮಗ?"

ಗೊತ್ತಿತ್ತು. ಹೋದ ವರ್ಷ ಅವರ ಗಿರಣಿಯಲ್ಲೇ ನಿಂತು ಅವರಿಗೇ ಅದನ್ನು ಉಪದೇಶಿಸಿದವನು ನಾನು.

ನಸ್ರೀನ್ ಸರಿಯಾದ ಫೈಲ್ ಸೇರಿಸಿ, ಖಾಲಿ ಡಬ್ಬಿಯಲ್ಲಿ ಕಂಪೈಲ್ ಮಾಡಿ ಅವರೆದುರೇ ಚೀಟಿ ತೆಗೆದಳು. ಗಿಣಿಗಳು ಹಾರಿಹೋಗಿದ್ದವು. "ಸಿರವಾರದ್ದೂ ಮಾಡ್ರಿ. ಆದ್ರ ಡಬ್ಬಿ ಈ ತಂಗಿ ಕೈಯಾಗ ಇರ್ಲಿ" ಎಂದು ಅವರು ಎದ್ದರು.

ಆ ಲ್ಯಾಪ್‌ಟಾಪನ್ನು ಮಾರು ಎಂದು ಎಲ್ಲರೂ ನನಗೆ ಸಲಹೆ ಕೊಡುತ್ತಿದ್ದಾರೆ. ಸಲಹೆ ತೆಗೆದುಕೊಂಡು ರೂಢಿಯಿಲ್ಲ. ಅದೂ ಅಲ್ಲದೆ ಶರಣಪ್ಪನವರು ಬಾಗಿಲಲ್ಲಿ ನಿಂತು, ಗಿಣಿ ಚಂದ ಇದ್ದವು, ಮಗಳ ಲಗ್ನಪತ್ರಿಕೆ ನೀವೇ ಮಾಡಿಕೊಡ್ರಿ ಎಂದಿದ್ದಾರೆ. ಒಪ್ಪಿಕೊಂಡಿದ್ದೇನೆ. ವಧೂವರರ ಹೆಸರಿನ ಕೆಳಗೆ ಭತ್ತದ ತೂಕ ಬಾರದಿರಲೆಂದು ನಸ್ರೀನ್‌ಳನ್ನು ಇನ್ನೊಂದು ಖಾಲಿ ಡಬ್ಬಿ ಕೇಳಿದ್ದೇನೆ. ಡಬ್ಬಿಗೆ ಬದಲಾಗಿ ಏನು ಕೊಡುತ್ತೀರಿ ಎಂದು ಅವಳು ಈಗ ಚೌಕಾಸಿ ಮಾಡುತ್ತಿದ್ದಾಳೆ.