ಪಿಸ್ತೂಲಿನ ಬಾಣಂತನ

ಮೊಮ್ಮಗಳು ಹುಟ್ಟಿದ್ದಾಳೆ. ಇವತ್ತು ಬೆಳಿಗ್ಗೆ, ಹೊತ್ತು ಮೂಡಿ ಒಂದು ಮಾರು ಏರಿರಬಹುದು, ಇದೇ ಬ್ಯಾಡಗಿಯ ನಮ್ಮ ಮನೆಯ ಒಳಕೋಣೆಯಲ್ಲಿ ಹುಟ್ಟಿದಳು. ನನ್ನ ಒಬ್ಬಳೇ ಮಗಳು ಶಾಂತವ್ವನ ಚೊಚ್ಚಲ ಕೂಸು. ಎರಡೂ ಮುಷ್ಟಿ ಬಿಗಿಹಿಡಿದುಕೊಂಡೇ ಬಂದಿದ್ದಾಳೆ. ಮೈಬಣ್ಣ ಹೊಸ ಮೆಣಸಿನಕಾಯಿಯ ಹಾಗೆ ಕೆಂಪು. ಬಾಯಲ್ಲಿ ಒಂದೂ ಹಲ್ಲಿಲ್ಲ. ನನಗೂ ಮುಂದಿನ ಎರಡಿಲ್ಲ, ಹಾಗಾಗಿ ಮುಖ ಅಜ್ಜನದೇ ಎಂದು ನಾನು ಹೇಳಿದೆ, ಯಾರೂ ಒಪ್ಪಲಿಲ್ಲ. ಒಪ್ಪದಿದ್ದರೆ ಬಿಡಲಿ. ಸಕ್ಕರೆಯ ಪೊಟ್ಟಣ ಹಿಡಿದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೋದೆ. ಟಪಾಲಿನವನಿಗೆ ಹೇಳಿದೆ, ಕಾಗಿನೆಲೆಗೆ ಹೊರಟು ನಿಂತಿದ್ದ ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಸಕ್ಕರೆ ರೋಗ ಇದೆ ಬೇಡ ಎಂದವರ ಬಾಯಿಗೂ ಒಂದು ಚಿಟಿಕೆ ಹಾಕಿದೆ. ಹೇಳಲು ಇನ್ನು ಯಾರೂ ಉಳಿದಿಲ್ಲವಾದ್ದರಿಂದ ಈಗ ಕಾಗದಕ್ಕೆ ಹೇಳುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪುಗಳಿದ್ದರೆ ನಾವು ಅಂಗಳದಲ್ಲಿ ಕೊಳೆತ ಮೆಣಸಿನಕಾಯಿ ಆರಿಸಿ ತೆಗೆಯುವ ಹಾಗೆ ಆರಿಸಿ ಬದಿಗಿಟ್ಟು ಓದಿ.

ಇಷ್ಟು ಸಂತೋಷದ ಸುದ್ದಿ ಬರೆಯಲು ಕುಳಿತರೂ ಕೈ ತಾನಾಗಿ ಬೇರೆ ಕಡೆಗೇ ಹೋಗುತ್ತದೆ. ಯಾಕೆಂದರೆ ಈ ಕೂಸು ಈ ಮನೆಯಲ್ಲಿ ಹುಟ್ಟುವುದು ತಪ್ಪಿಯೇ ಹೋಗುವುದರಲ್ಲಿತ್ತು. ತಪ್ಪಿಸಲು ಹೊರಟವನು ನಾನು. ನಾನು ಮತ್ತು ಒಂದು ಪಿಸ್ತೂಲು.

ನನ್ನದು ಮೆಣಸಿನಕಾಯಿ ದಲಾಲಿ ಅಂಗಡಿ. ಎರಡು ವರ್ಷದ ಹಿಂದೆ ಒಂದು ಸಂಜೆ ಮೋಟೆಬೆನ್ನೂರಿನಿಂದ ಸೈಕಲ್ಲಿನ ಮೇಲೆ ಬರುವಾಗ ಇಬ್ಬರು ಅಡ್ಡ ನಿಂತರು. ಕಿಸೆಯಲ್ಲಿದ್ದದ್ದನ್ನು ಕೇಳುವ ಮೊದಲೇ ನಾನು ಕೊಟ್ಟುಬಿಟ್ಟೆ. ಅಷ್ಟು ಸುಲಭವಾಗಿ ಕೊಟ್ಟದ್ದೇ ಅವರಿಗೆ ಅನುಮಾನ ಹುಟ್ಟಿಸಿರಬೇಕು, ಒಂದು ಏಟು ಹಾಕಿದರು. ಎರಡು ಹಲ್ಲು ಅಲ್ಲೇ ಹುಣಸೆ ಮರದ ಬುಡದಲ್ಲಿ ಉಳಿದವು. ಹಲ್ಲು ಹೋದದ್ದಕ್ಕೆ ನಾನು ಅಳಲಿಲ್ಲ. ಆದರೆ ಅದರ ಜೊತೆ ಇನ್ನೇನೋ ಹೋಯಿತು. ಆಮೇಲೆ ಹೊಸ್ತಿಲು ದಾಟಬೇಕಾದರೆ ಆ ಕಡೆ ಹೋಗುವವರು ಯಾರಾದರೂ ಬರುವವರೆಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಯಾರಾದರೂ ಕೇಳಿದರೆ ಗಾಳಿ ತಗೊಳ್ಳಾಕತ್ತೇನಿ ಎನ್ನುತ್ತಿದ್ದೆ. ಬೇಸಿಗೆಯಲ್ಲಿ ಆ ಮಾತು ನಡೆಯಿತು. ಚಳಿಗಾಲದಲ್ಲಿ ನನ್ನ ಹೆಂಡತಿ ಗಂಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ಪಿಸ್ತೂಲು ಇಟ್ಟುಕೊಂಡರೆ ಧೈರ್ಯ ಬರುತ್ತದೆ ಎಂದು ಯಾರೋ ಹೇಳಿದರು. ಲೈಸನ್ಸಿಗಾಗಿ ಒಂದು ವರ್ಷ ಧಾರವಾಡಕ್ಕೆ ಅಲೆದೆ. ನಿಮಗೆ ಯಾರ ಮೇಲಾದರೂ ವೈರವುಂಟೋ ಎಂದು ಸಾಹೇಬರು ಕೇಳಿದರು. ಇಲ್ಲ ಎಂದರೆ ಲೈಸನ್ಸು ಯಾಕೆ ಎನ್ನುತ್ತಾರೆ, ಹೌದು ಎಂದರೆ ಕೊಡುವುದಿಲ್ಲ. ನಾನು ಬಾಯಿ ತೆರೆದು ಎರಡು ಹಲ್ಲಿನ ಜಾಗ ತೋರಿಸಿದೆ. ಅದೇ ಅರ್ಜಿಯಾಯಿತು.

ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಹೋದದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಂಗಡಿಯವರು ಗಾಜಿನ ಪೆಟ್ಟಿಗೆಯಿಂದ ಮೂರು ತೆಗೆದು ಮುಂದಿಟ್ಟರು. ನಲವತ್ತು ವರ್ಷ ಮಾಲು ಆರಿಸಿದ ಕೈ ಸುಮ್ಮನಿರುತ್ತದೆಯೆ? ಒಂದನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿದೆ, ಮೂಸಿದೆ, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಮೆಣಸಿನಕಾಯಿ ಸರಿಯಾಗಿ ಒಣಗಿದೆಯೋ ಇಲ್ಲವೋ ಎಂದು ನೋಡುವುದು ಹಾಗೆಯೇ. ಒಳಗೆ ಬೀಜ ಗಲಗಲ ಎನ್ನಬೇಕು. ಅಂಗಡಿಯವರು ಗಲ್ಲೆಯ ಮೇಲಿಂದ ಬಾಗಿ ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿದರು.

“ಸಾವ್ಕಾರ್ರ, ಇದು ಖಾಲಿ ಐತಿ, ಖರೇ. ಆದ್ರ ರೂಢಿ ಆಗಬಾರ್ದು” ಎಂದರು.

ಮೂರರಲ್ಲಿ ಒಂದು ಚಪ್ಪಟೆ, ಸಣ್ಣದು. ಸೊಂಟದಲ್ಲಿಟ್ಟರೆ ಹೊರಗೆ ಕಾಣುವುದಿಲ್ಲ. ಆದರೆ ಹಗುರವಾದದ್ದು ಗುಂಡು ಹಾರಿದಾಗ ಎಳೆಗರುವಿನ ಹಾಗೆ ಒದೆಯುತ್ತದಂತೆ, ಅದರಲ್ಲಿ ಅಭ್ಯಾಸ ಮಾಡುವುದು ಕಷ್ಟವಂತೆ. ಇನ್ನೊಂದು ಭಾರದ್ದು. ಬಯಲಿನಲ್ಲಿ ನಿಂತು ಗುರಿಯಿಟ್ಟರೆ ಕೈ ಅಲ್ಲಾಡುವುದಿಲ್ಲ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಧೋತರ ನಿಲ್ಲುವುದಿಲ್ಲ. ಹೊಡೆಯಲು ಚೆಂದದ್ದು ಮುಚ್ಚಿಡಲು ಬಾರದು, ಮುಚ್ಚಿಡಲು ಚೆಂದದ್ದು ಹೊಡೆಯಲು ಬಾರದು. ಶಾಂತವ್ವನಿಗೆ ವರ ನೋಡುವಾಗಲೂ ಹೀಗೆಯೇ ಆಗಿತ್ತು. ಓದಿದ ಹುಡುಗನಿಗೆ ಹೊಲವಿಲ್ಲ, ಹೊಲವಿದ್ದ ಹುಡುಗನಿಗೆ ಓದಿಲ್ಲ. ಆಗ ಮಗಳೇ ನಡುವೆ ಬಾಯಿ ಹಾಕಿ ರಾಣೆಬೆನ್ನೂರಿನ ಬೀಜದ ಕಂಪನಿಯ ಹುಡುಗನನ್ನು ಒಪ್ಪಿ ನನ್ನನ್ನು ಉಳಿಸಿದಳು. ಇಲ್ಲಿ ಉಳಿಸುವವರಿರಲಿಲ್ಲ. ನಾನು ಮೂರನೆಯದನ್ನು, ನಡುವಿನದನ್ನು ಆರಿಸಿದೆ. ಗಿಡ್ಡ ಮೂತಿಯ, ದುಂಡು ಹೊಟ್ಟೆಯ ರಿವಾಲ್ವರು. ಹೊಡೆಯಲು ತುಸು ಹಗುರ, ಮುಚ್ಚಿಡಲು ತುಸು ದಪ್ಪ. ಎರಡೂ ಕೆಲಸಕ್ಕೆ ಸಮನಾಗಿ ಬಾರದ್ದು. ಅಂಗಡಿಯವರು ಅದನ್ನು ರಿವಾಲ್ವರು ಎಂದರೂ ನಮ್ಮ ಮನೆಯಲ್ಲಿ ಅದು ಪಿಸ್ತೂಲೇ ಆಯಿತು.

ಇನ್ನು ಅದನ್ನು ಮುಚ್ಚಿಡುವ ಕತೆ. ದರ್ಜಿ ಇಮಾಮಸಾಬ ನನ್ನ ಜೊತೆ ಕಲಿತವನು. ಒಳ ಅಂಗಿಗೆ ಎಡಪಕ್ಕೆಯಲ್ಲಿ ಒಂದು ಕಳ್ಳಕಿಸೆ ಹೊಲಿದುಕೊಡು ಎಂದೆ. ಅಳತೆಗೆ ಸಾಮಾನು ಕೊಡು ಎಂದ. ಸಾಮಾನು ತೋರಿಸಿದರೆ ಗುಟ್ಟು ಎಲ್ಲಿ ಉಳಿಯಿತು? ರಟ್ಟಿನ ಮೇಲೆ ಪಿಸ್ತೂಲನ್ನಿಟ್ಟು ಸುತ್ತ ಗೆರೆ ಎಳೆದು, ಕತ್ತರಿಸಿ, ಇದು ಒಂದು ನಮೂನೆಯ ಬೀಗ ಎಂದು ಕೊಟ್ಟೆ. ಅವನು ರಟ್ಟನ್ನು ಒಂದು ಸಲ ನೋಡಿದ, ನನ್ನನ್ನು ಒಂದು ಸಲ ನೋಡಿದ, ಬೀಗ ಭಾಳ ಗಟ್ಟಿ ಇರಬೇಕು ಎಂದಷ್ಟೇ ಹೇಳಿದ. ಆದರೆ ಹೊಲಿದ ಅಂಗಿಯನ್ನು ನಾನು ಹೋಗುವವರೆಗೆ ಮೂರು ದಿನ ಅಂಗಡಿಯ ಮುಂದೆ ಗೂಟಕ್ಕೆ ಸಿಕ್ಕಿಸಿದ್ದ. ಪಕ್ಕೆಯಲ್ಲಿ ಪಿಸ್ತೂಲಿನ ಆಕಾರದ ಕಿಸೆ. ಎದುರಿಗೇ ಚಹಾದ ಅಂಗಡಿ. ನಾನು ಮೊದಲ ದಿನ ಅದನ್ನು ತೊಟ್ಟು, ಮೇಲೆ ಜುಬ್ಬ ಹಾಕಿಕೊಂಡು, ಏನೂ ಇಲ್ಲದವನ ಹಾಗೆ ಪೇಟೆಗೆ ಬಂದಾಗ ಹಮಾಲರು ನನ್ನ ಎಡಗಡೆ ಬಿಟ್ಟು ಬಲಗಡೆಯಿಂದ ನಮಸ್ಕಾರ ಮಾಡಿದರು.

ಇನ್ನೊಂದು ತಪ್ಪು ನನ್ನದೇ. ರಟ್ಟಿಗೆ ಹೊಟ್ಟೆಯಿಲ್ಲ, ಪಿಸ್ತೂಲಿಗೆ ಇದೆ. ಕಿಸೆ ರಟ್ಟಿಗೆ ಹೇಳಿ ಮಾಡಿಸಿದ ಹಾಗಿತ್ತು. ಪಿಸ್ತೂಲು ಒಳಗೆ ಹೋಗಲು ಒದ್ದಾಡುತ್ತಿತ್ತು, ಹೋದಮೇಲೆ ಹೊಲಿಗೆ ಬಿಗಿದು ನಿಲ್ಲುತ್ತಿತ್ತು. ಮೆಣಸಿನಕಾಯಿ ಪೇಟೆಯಲ್ಲಿ ಸೀನದವನು ಯಾರು? ನಾನು ಒಂದು ಸಲ ಸೀನಿದರೆ ಹೊಲಿಗೆ ಚರ್ ಎನ್ನುತ್ತಿತ್ತು, ಪಕ್ಕದಲ್ಲಿದ್ದ ಖರೀದಿದಾರರು ಎರಡು ಚೀಲ ಆಚೆ ಸರಿಯುತ್ತಿದ್ದರು. ನನಗೂ ಜೀವ ಬಾಯಿಗೆ ಬರುತ್ತಿತ್ತು. ಒಳಗೆ ಗುಂಡು ಇರಲಿಲ್ಲ ಎಂಬ ಮಾತು ಬೇರೆ. ಪಿಸ್ತೂಲು ಮತ್ತು ಗುಂಡು ಒಂದೇ ಕಡೆ ಇದ್ದರೆ ಏನಾಗುತ್ತದೋ ಎಂಬ ಅಂಜಿಕೆಯಿಂದ ಗುಂಡುಗಳನ್ನು ಡಬ್ಬಿಗೆ ಹಾಕಿ, ಬೀಗ ಹಾಕಿ, ಮನೆಯ ಟ್ರಂಕಿನಲ್ಲಿಟ್ಟಿದ್ದೆ. ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನಾನೂ ಈ ಊರಿನವನೇ.

ಹಾವೇರಿಯ ಹೊರಗೆ ಗುಡ್ಡದ ಬದಿಯಲ್ಲಿ ಲೈಸನ್ಸಿದ್ದವರಿಗೆ ಗುಂಡು ಹೊಡೆಯುವುದನ್ನು ಕಲಿಸುವ ಶಿಬಿರ ನಡೆಯಿತು. ಮೂರು ದಿನ ಹೋದೆ. ಕಲಿಸುವ ಹವಾಲ್ದಾರರು ಒಳ್ಳೆಯ ಮನುಷ್ಯ, ಎಲ್ಲರನ್ನೂ ಬೈಯುತ್ತಿದ್ದರು, ನನ್ನನ್ನು ಮಾತ್ರ ಬೈಯಲಿಲ್ಲ. ಅದರಿಂದಲೇ ನನಗೆ ನನ್ನ ಸ್ಥಿತಿ ತಿಳಿಯಿತು. ನಾನು ಹೊಡೆದ ಗುಂಡು ನನ್ನ ಫಲಕಕ್ಕೆ ತಾಗದೆ ಪಕ್ಕದ ಗೌಡರ ಫಲಕದ ನಟ್ಟನಡುವೆ ಹೋಯಿತು. ಗೌಡರು ಶಿಬಿರಕ್ಕೇ ಮೊದಲಿಗರಾದರು. ಕೊನೆಯ ದಿನ ಹವಾಲ್ದಾರರು ನನ್ನನ್ನು ಬದಿಗೆ ಕರೆದರು.

“ಸಾವ್ಕಾರ್ರ, ನಿಮ್ಮ ಕೈ ಗಟ್ಟಿ ಐತಿ. ಆದ್ರ ಸಪ್ಪಳ ಆಗೂ ಮೊದಲಽ ಎರಡೂ ಕಣ್ಣು ಮುಚ್ಚತೀರಿ. ಕಳ್ಳ ಎಲ್ಲಿ ಅದಾನ ಅಂತ ಹೆಂಗ ಗೊತ್ತಾಗಬೇಕು?”

 ಆ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ಬದಲಿಗೆ ಪಿಸ್ತೂಲಿನ ಸೇವೆ ಹೆಚ್ಚು ಮಾಡಿದೆ. ವಾರಕ್ಕೊಮ್ಮೆ ಮೈತುಂಬ ಎಣ್ಣೆ ಸವರಿ ತಿಕ್ಕುವುದು, ಮೆತ್ತನೆಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತುವುದು, ಥಂಡಿ ತಾಗದ ಹಾಗೆ ಒಳಗಿಡುವುದು, ಹೊರಗಿನವರ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುವುದು. ಮೊದಲು ಕಳ್ಳರ ಅಂಜಿಕೆ ಒಂದೇ ಇತ್ತು. ಈಗ ಪಿಸ್ತೂಲಿನ ಅಂಜಿಕೆ, ಪಿಸ್ತೂಲನ್ನೇ ಕದ್ದೊಯ್ದರೆ ಎಂಬ ಅಂಜಿಕೆ, ಮೂರಾದವು. ಮೂರನ್ನೂ ಎಡಪಕ್ಕೆಯಲ್ಲಿ ಹೊತ್ತು ತಿರುಗುತ್ತಿದ್ದೆ.

ಹೀಗಿರುವಾಗ ಶಾಂತವ್ವನಿಗೆ ಏಳು ತಿಂಗಳು ತುಂಬಿತು. ರಾಣೆಬೆನ್ನೂರಿನಲ್ಲಿ ಬೀಗರು ಕುಬಸದ ಕಾರ್ಯ ಇಟ್ಟುಕೊಂಡರು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆಮೇಲೆ ಬಸುರಿಯನ್ನು ನಾವು ಹೆರಿಗೆಗೆ ಕರೆದುಕೊಂಡು ಬರುವುದು ಪದ್ಧತಿ. ಗಂಗವ್ವ ಒಂದು ತಿಂಗಳ ಮೊದಲೇ ಒಳಕೋಣೆ ಸುಣ್ಣ ಬಳಿಸಿ, ತೊಟ್ಟಿಲು ತೊಳೆದಿಟ್ಟು, ಬಾಣಂತಿಯ ಅಂಟಿನುಂಡಿಗೆ ಒಣಕೊಬ್ಬರಿ ಹೆರೆದಿಟ್ಟಿದ್ದಳು. ಬಸ್ಸಿನ ಪ್ರಯಾಣ ಎಂದು ನಾನು ಪಿಸ್ತೂಲನ್ನೂ ಕರೆದುಕೊಂಡು ಹೋದೆ. ಕಾರ್ಯ ಚೆಂದಾಗಿ ನಡೆಯಿತು. ಎಲ್ಲರೂ ಅಕ್ಕಿ, ಬಾಳೆಹಣ್ಣು, ತೆಂಗಿನಕಾಯಿ ಹಾಕಿ ಉಡಿ ತುಂಬಿದಮೇಲೆ ತವರಿನ ಉಡುಗೊರೆಯಾದ ಆಯೇರಿಯ ಸೀರೆ ಹಿಡಿದು ನಾನು ಮಗಳ ಮುಂದೆ ಬಾಗಿದೆ. ಇಮಾಮಸಾಬನ ಹೊಲಿಗೆ ಅಲ್ಲಿಯವರೆಗೆ ತಾಳಿದ್ದೇ ದೊಡ್ಡದು. ಚರ್ ಎಂದಿತು. ಪಿಸ್ತೂಲು ಜುಬ್ಬದೊಳಗಿಂದ ಜಾರಿ ಮಗಳ ಉಡಿಯಲ್ಲಿ, ತೆಂಗಿನಕಾಯಿಗೂ ಬಾಳೆಹಣ್ಣಿಗೂ ನಡುವೆ ಹೋಗಿ ಕುಳಿತಿತು.

ಹಾಡುತ್ತಿದ್ದ ಹೆಂಗಸರ ಬಾಯಿ ಹಾಗೆಯೇ ನಿಂತವು. ಗುಂಡಿಲ್ಲ, ಗುಂಡಿಲ್ಲ ಎಂದು ನಾನು ಎಲ್ಲರ ಕಡೆ ತಿರುಗಿ ಹೇಳಿದೆ. ಬೀಗರು ಮರ್ಯಾದೆಯ ಮನುಷ್ಯ, ಗದರಲಿಲ್ಲ. ಗುಂಡಿಲ್ಲದ ಪಿಸ್ತೂಲು ಯಾಕ ಬೇಕರಿ ಬೀಗರ ಎಂದು ಮೆಲ್ಲಗೆ ಕೇಳಿದರು.  ಶಾಂತವ್ವ ಅಲುಗಾಡದೆ ಕುಳಿತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ನಾನು ಪಿಸ್ತೂಲನ್ನು ಎತ್ತಿಕೊಂಡಮೇಲೆ ಬಾಯಿಬಿಟ್ಟಳು.

“ಅಪ್ಪಾ, ಅದು ಇರೂ ಮನಿಗೆ ನಾ ಬರೂದಿಲ್ಲ. ನೀ ಹೋಗು.”

ಬಸ್ಸಿನಲ್ಲಿ ಅವಳಿಗೆಂದು ಕಿಟಕಿಯ ಬದಿ ಹಿಡಿದಿದ್ದ ಜಾಗದಲ್ಲಿ ಗಂಗವ್ವ ಹೂವಿನ ಬುಟ್ಟಿ ಇಟ್ಟುಕೊಂಡು ಬಂದಳು.   ಸುಣ್ಣ ಬಳಿದ ಕೋಣೆಯ ಬಾಗಿಲು ಹದಿನೈದು ದಿನ ಮುಚ್ಚಿಯೇ ಇತ್ತು. ಪಿಸ್ತೂಲನ್ನು ತಿರುಗಿ ಕೊಟ್ಟುಬಿಡೋಣ ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ, ಹೊಸ್ತಿಲ ಹತ್ತಿರ ಹೋದ ಕೂಡಲೇ ಹುಣಸೆ ಮರ ನೆನಪಾಗುತ್ತಿತ್ತು. ಹೊರಗೆ ಹೋಗಲು ನನಗೆ ಅದು ಬೇಕಿತ್ತು, ಹರಿದ ಕಿಸೆಯನ್ನು ನಾನೇ ಹೊಲಿದುಕೊಂಡೆ. ಖಾಲಿಯಾದರೂ ಸರಿ, ಪಕ್ಕೆಯಲ್ಲಿ ಒತ್ತುತ್ತಿದ್ದರೆ ಕಾಲು ಮುಂದೆ ಹೋಗುತ್ತಿದ್ದವು. ಮಗಳ ಹೆರಿಗೆಗಿಂತ ಅದು ದೊಡ್ಡದಾಯಿತೇ ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಆ ಹದಿನೈದು ದಿನ ದೊಡ್ಡದಾಗಿತ್ತು.

ಹದಿನಾರನೆಯ ದಿನ ನಾನು ಪಿಸ್ತೂಲಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದೆ. ಗಂಗವ್ವ ಗಂಟು ಕಟ್ಟಿಕೊಂಡು ಮುಂದೆ ಬಂದು ನಿಂತಳು.

“ನಾನಽ ರಾಣೆಬೆನ್ನೂರಿಗೆ ಹೋಗಿ ಮಗಳ ಬಾಣಂತನ ಮಾಡ್ತೇನಿ. ನೀವು ಇಲ್ಲೇ ನಿಮ್ಮ ಪಿಸ್ತೂಲಿನ ಬಾಣಂತನ ಮಾಡ್ರಿ. ಎಣ್ಣಿ ಹಚ್ಚೂದು ಹೆಂಗೂ ಕಲ್ತೀರಿ.”

ನನ್ನ ಕೈಯಲ್ಲಿದ್ದ ಸೀರೆಯ ತುಂಡನ್ನು ನೋಡಿದೆ. ಶಾಂತವ್ವ ಹುಟ್ಟಿದಾಗ ಅವಳನ್ನು ಸುತ್ತಿದ್ದ ಸೀರೆಯದೇ ತುಂಡು ಅದು. ಅಂಜಿಕಿ ಆಗ್ತೈತಿ ಗಂಗವ್ವ, ಎಂದೆ. ಎರಡು ವರ್ಷದಲ್ಲಿ ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಅವಳು ಗಂಟನ್ನು ಕೆಳಗಿಟ್ಟಳು. ಅದು ನನಗೆ ಗೊತ್ತಿಲ್ಲೇನು, ಬಾಗಿಲಾಗ ನಿಂತು ಯಾರ ದಾರಿ ಕಾಯ್ತೀರಿ ಅಂತ ದಿನಾ ನೋಡೇನಿ, ನನ್ನ ಕರದಿದ್ರ ನಾ ಬರ್ತಿದ್ದಿಲ್ಲೇನು ಎಂದು ಕೇಳಿದಳು. ಇಷ್ಟು ಸುಲಭದ ದಾರಿ ಧಾರವಾಡದ ಆಫೀಸಿನಲ್ಲೂ ಯಾರೂ ಹೇಳಿರಲಿಲ್ಲ.

ಠಾಣೆಗೆ ಬರೆದುಕೊಟ್ಟು, ಮರುದಿನ ಇಬ್ಬರೂ ಕೂಡಿ ಹುಬ್ಬಳ್ಳಿಗೆ ಹೋಗಿ, ಪಿಸ್ತೂಲನ್ನೂ ಗುಂಡಿನ ಡಬ್ಬಿಯನ್ನೂ ಅಂಗಡಿಗೆ ಹಿಂದಿರುಗಿಸಿದೆವು. ಅಂಗಡಿಯವರು ಕಾಗದ ನೋಡಿ, ನಕ್ಕು, ಪಿಸ್ತೂಲನ್ನು ತಮ್ಮ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ ಪೆಟ್ಟಿಗೆಯಲ್ಲಿಟ್ಟರು. ಅಲ್ಲಿಂದ ನೆಟ್ಟಗೆ ರಾಣೆಬೆನ್ನೂರು. ನಾನು ಹೇಳಿದ್ದನ್ನು ಮಗಳು ನಂಬಲಿಲ್ಲ. ಜುಬ್ಬ ಸರಿಸಿ ಕಳ್ಳಕಿಸೆಗೆ ತಾನೇ ಕೈಹಾಕಿದಳು. ಒಳಗೆ ಸಿಕ್ಕದ್ದು ಒಂದಿಷ್ಟು ಮೆಣಸಿನಕಾಯಿ ಬೀಜ. ಅವನ್ನು ಅಂಗೈಯಲ್ಲಿ ಹಿಡಿದು ನೋಡಿ ನಕ್ಕಳು, ಕೂಡಲೇ ಸೀನಿದಳು. ಆ ಸೀನಿಗೆ ಮಾತ್ರ ಯಾರೂ ಹಿಂದೆ ಸರಿಯಲಿಲ್ಲ.

ಈಗ ರಾತ್ರಿಯಾಗಿದೆ, ಊಟ ಮುಗಿಸಿ ಬಂದು ಈ ಕೊನೆಯ ಮಾತು ಬರೆಯುತ್ತಿದ್ದೇನೆ. ಬೀಗರು, ಬೀಗತಿ, ಅಳಿಯ ಎಲ್ಲರೂ ರಾಣೆಬೆನ್ನೂರಿನಿಂದ ಬಂದಿದ್ದರು. ಇಮಾಮಸಾಬನೂ ಕೂಸಿಗೆ ಕುಂಚಿಗೆ ಹೊಲಿದುಕೊಂಡು ಬಂದ. ಈ ಸಲ ಅಳತೆ ತಪ್ಪಿಲ್ಲ. ಪಡಸಾಲೆಯಲ್ಲಿ ಸಾಲಾಗಿ ಕುಳಿತೆವು. ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಒಳಕೋಣೆಯ ಬಾಗಿಲು ತೆರೆದಿತ್ತು, ಶಾಂತವ್ವನಿಗೂ ಅಲ್ಲೇ ತಟ್ಟೆ ಕೊಟ್ಟಿದ್ದರು, ಅವಳು ಅಲ್ಲಿಂದಲೇ ಎಲ್ಲರ ಮಾತಿಗೆ ಮಾತು ಸೇರಿಸುತ್ತಿದ್ದಳು. ಹೊರಗೆ ಕತ್ತಲಾಗುತ್ತಿತ್ತು. ಯಾರಿಗೂ ಕಾಣದ ಹಾಗೆ ಎರಡು ಸಲ ಎದ್ದು ಬೀದಿಬಾಗಿಲಿನ ಅಗಳಿ ನೋಡಿ ಬಂದೆ. ಅಂಜಿಕೆ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಎರಡನೆಯ ಸಲ ಬಂದು ಕುಳಿತು ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುವಾಗ ಕೂಸು ಒಮ್ಮೆಲೇ ಚೀರಿತು. ಬೀಗರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತಂತೆ, ಅಳಿಯ ಅರ್ಧ ಎದ್ದನಂತೆ, ಗಂಗವ್ವ ತುಪ್ಪದ ಗಿಂಡಿ ಬಿಟ್ಟು ಓಡಿದಳಂತೆ. ಒಂದು ಸದ್ದಿಗೆ ಎದುರಿನವರು ನಿಂತಲ್ಲೇ ನಿಲ್ಲಬೇಕು ಎಂದು ನಾನು ವರ್ಷವಿಡೀ ಅಲೆದು ತಂದ ಸಾಮಾನಿನಿಂದ ಆಗದ ಕೆಲಸವನ್ನು ಮೊಮ್ಮಗಳು ಮಾಡಿದಳು. ಅವಳಿಗೆ ಲೈಸನ್ಸೂ ಬೇಕಾಗಲಿಲ್ಲ.

ಅಳು ನಿಂತಮೇಲೆ ಎಲ್ಲರೂ ಮತ್ತೆ ತಟ್ಟೆಗೆ ಕೈಹಾಕಿದರು. ಗಂಗವ್ವ ಹೊರಗೆ ಬಂದು, ಇನ್ನೂ ಎರಡೂ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದ ನನ್ನ ಮುಂದೆ ನಿಂತು, ಕಣ್ಣು ತೆಗೀರಿ, ಹುಗ್ಗಿ ಆರಾಕತ್ತೈತಿ ಎಂದಳು.