ಟೀಚರ್ ಆಗಲು ಹೋಗಿ ಸ್ಟ್ರೆಚರ್ ಏರಿದ್ದು

ಹೆಂಡತಿಯ ಬಾಲಂಗೋಚಿಯಾಗಿ ಪರದೇಶಕ್ಕೆ ಹೋಗುವ ಗಂಡಸು ನಾನಲ್ಲ! ಹೀಗೆಂದು ನಾನು ನಮ್ಮ ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದು, ಇಡೀ ಲೋಕಕ್ಕೆ ಸಾರಿದೆ. ಲೋಕದ ಪರವಾಗಿ ಕೇಳಿಸಿಕೊಂಡವಳು ನನ್ನ ಹೆಂಡತಿ ಒಬ್ಬಳೇ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಆಗಷ್ಟೇ ಡ್ಯೂಟಿ ಮುಗಿಸಿ ಬಂದು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು.

"ಹಾಗಾದ್ರೆ ಏನಾಗಿ ಬರ್ತೀರಿ?"

"ಇಂಗ್ಲಿಷ್ ಮೇಷ್ಟ್ರಾಗಿ."

"ಯಾರಿಗೆ?"

"ಆ ಇಡೀ ದೇಶಕ್ಕೆ."

"ಅಲ್ಲೀವರೆಗೂ ಆ ಒಲೆ ಸ್ವಲ್ಪ ಸಣ್ಣ ಮಾಡಿ. ತಳ ಹಿಡೀತಿದೆ."

ವಿಷಯ ಇಷ್ಟು. ಹೊರದೇಶದ ಒಂದು ದೊಡ್ಡ ಆಸ್ಪತ್ರೆ ನನ್ನವಳನ್ನು ಕೆಲಸಕ್ಕೆ ಆರಿಸಿಕೊಂಡಿತ್ತು. ಬೇಕಾದರೆ ಗಂಡನನ್ನೂ ಕರೆತರಬಹುದು ಎಂದು ಕಾಗದದ ಕೊನೆಯ ಸಾಲಿನಲ್ಲಿ, ಸಾಮಾನು ಸರಂಜಾಮಿನ ಮಾತು ಮುಗಿದ ಮೇಲೆ, ಬರೆದಿತ್ತು. ಆ 'ಬೇಕಾದರೆ' ನನ್ನ ಎದೆಗೆ ನಾಟಿತು. ನಾನೇನು ಸಾಮಾನ್ಯನೇ? ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿರುವವನು. ನಿಮ್ಮ ಅರ್ಜಿ ತಿರಸ್ಕೃತವಾಗಿದೆ ಎಂಬ ಒಂದೇ ಸುದ್ದಿಯನ್ನು, ಓದಿದವರು ಥ್ಯಾಂಕ್ಸ್ ಹೇಳುವಷ್ಟು ಸೊಗಸಾಗಿ ಬರೆಯಬಲ್ಲವನು! ಆ ದೇಶದಲ್ಲಿ ಅರ್ಧ ಜನ ಇಂಗ್ಲಿಷ್ ಮಾತಾಡುತ್ತಾರಂತೆ, ಇನ್ನರ್ಧ ಜನ ಕಲಿಯಲು ಕಾಯುತ್ತಿದ್ದಾರಂತೆ. ಆ ಇನ್ನರ್ಧ ನನ್ನ ಪಾಲು ಎಂದು ಅಂದೇ ಬರೆದುಕೊಂಡೆ.

ಆದರೆ ಹೊರದೇಶದಲ್ಲಿ ಇಂಗ್ಲಿಷ್ ಕಲಿಸಬೇಕಾದರೆ ಇಂಗ್ಲಿಷ್ ಬಂದರೆ ಸಾಲದಂತೆ, ಸರ್ಟಿಫಿಕೇಟ್ ಬೇಕಂತೆ. ಹುಡುಕಲು ಕೂತೆ. ಅಬ್ಬಬ್ಬಾ! ಹೆಸರಲ್ಲಿ ನಾಲ್ಕಕ್ಷರವಿರುವ ಕೋರ್ಸು, ಐದಕ್ಷರವಿರುವ ಕೋರ್ಸು, ಬರೀ ಓದುವ ಕೋರ್ಸು, ಓದದೆಯೇ ಪಾಸಾಗುವ ಕೋರ್ಸು. ಒಂದರ ಜಾಹೀರಾತಿನ ಚಿತ್ರದಲ್ಲಂತೂ ಮೇಷ್ಟ್ರು ಸಮುದ್ರದ ದಡದಲ್ಲಿ ಚಡ್ಡಿ ಹಾಕಿಕೊಂಡು ಅಂಗಾತ ಮಲಗಿದ್ದರು. ವಿದ್ಯಾರ್ಥಿಗಳು ಎಲ್ಲಿ ಎಂದು ಎಷ್ಟು ಹುಡುಕಿದರೂ ಕಾಣಲಿಲ್ಲ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನನ್ನು ನಾವು ಆಫರ್ ಅಣ್ಣ ಎಂದು ಕರೆಯುತ್ತೇವೆ. ಎಲ್ಲಿ ಏನು ಸೋವಿಗೆ ಸಿಗುತ್ತದೆ ಎಂಬುದು ಅವನಿಗೆ ಅಂಗೈಗೆರೆ. ನನ್ನ ಸಂಕಟ ಕೇಳಿ ಅವನು ಕುರ್ಚಿ ಹತ್ತಿರ ಎಳೆದುಕೊಂಡ.

"ಶನಿವಾರ ಸೇರು, ಭಾನುವಾರ ಮೇಷ್ಟ್ರು. ಅಂಥದ್ದೊಂದು ಕೋರ್ಸ್ ಇದೆ. ಜೊತೆಗೆ ಒಂದು ಬ್ಯಾಗ್ ಫ್ರೀ."

"ಪಾಠ ಮಾಡೋದನ್ನ ಹೇಳಿಕೊಡ್ತಾರಾ?"

"ಬ್ಯಾಗ್ ಫ್ರೀ ಅಂದ್ನಲ್ಲಪ್ಪ."

ನಾನು ಅರ್ಧ ಮನಸ್ಸು ಮಾಡಿಯೇಬಿಟ್ಟಿದ್ದೆ. ಮನೆಗೆ ಬಂದು ಹೇಳಿದರೆ ನನ್ನವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸೂಜಿ ಚುಚ್ಚೋದನ್ನ ಎರಡು ದಿನದಲ್ಲಿ ಕಲಿತು ಬಂದವಳ ಮುಂದೆ ನೀವು ತೋಳು ಚಾಚ್ತೀರಾ?"

ಶನಿವಾರ ಭಾನುವಾರಗಳೆರಡೂ ಆ ಒಂದು ಮಾತಿಗೆ ಬಿದ್ದುಹೋದವು. ಕೊನೆಗೆ ನಾನು ಆರಿಸಿದ್ದು ಎಲ್ಲಕ್ಕಿಂತ ಕಷ್ಟದ ಕೋರ್ಸು. ನಿಜವಾದ ತರಗತಿ, ನಿಜವಾದ ವಿದ್ಯಾರ್ಥಿಗಳು, ಹಿಂದಿನ ಬೆಂಚಿನಲ್ಲಿ ನಮ್ಮ ತಪ್ಪು ಬರೆದುಕೊಳ್ಳಲು ಒಬ್ಬ ಪರೀಕ್ಷಕರು. ಅದಕ್ಕೆ ಸೇರಬೇಕಾದರೆ ಮೊದಲು ವಿಡಿಯೋ ಕರೆಯಲ್ಲಿ ಸಂದರ್ಶನ ಪಾಸಾಗಬೇಕು. ಸಂದರ್ಶನ ತಾನೇ! ಮಾತಾಡುವುದರಲ್ಲಿ ನನ್ನನ್ನು ಸೋಲಿಸಿದವರುಂಟೇ?

ಅಭ್ಯಾಸಕ್ಕೆಂದು ಹೆಂಡತಿಯನ್ನೇ ವಿದ್ಯಾರ್ಥಿನಿಯಾಗಿ ಕೂರಿಸಿಕೊಂಡೆ. "ಆಸ್ಪತ್ರೆ ಬಗ್ಗೆ ಏನಾದ್ರೂ ಇಂಗ್ಲಿಷಲ್ಲಿ ಹೇಳು," ಎಂದೆ.

"ದಿ ಪೇಷೆಂಟ್..."

"ದಿ ಅಲ್ಲ ಕಣೆ, ದ."

"ದ ಪೇಷೆಂಟ್ ಹ್ಯಾವ್..."

"ಹ್ಯಾವ್ ಅಲ್ಲ, ಹ್ಯಾಸ್. ಮೊದಲಿಂದ ಹೇಳು."

"ಅಷ್ಟು ಹೊತ್ತಿಗೆ ಪೇಷೆಂಟ್ ಸತ್ತೇ ಹೋಗಿರ್ತಾನೆ," ಎಂದು ಎದ್ದು ಹೋದಳು. ಆಮೇಲೆ ಎಷ್ಟು ಕರೆದರೂ ಪಾಠಕ್ಕೆ ಬರಲಿಲ್ಲ. ಆಸ್ಪತ್ರೆಗೆ ಕಳಿಸಬೇಕಾದ ಒಪ್ಪಿಗೆ ಪತ್ರಕ್ಕೂ ಸಹಿ ಹಾಕದೆ, "ನೋಡೋಣ, ನೋಡೋಣ," ಎಂದು ದಿನ ತಳ್ಳುತ್ತಿದ್ದಳು. ಯಾಕೆ ಎಂದು ನಾನು ಕೇಳಬಹುದಿತ್ತು. ಆದರೆ ಇಡೀ ದೇಶಕ್ಕೆ ಮೇಷ್ಟ್ರಾಗುವವನಿಗೆ ಅಂಥ ಚಿಲ್ಲರೆ ವಿಚಾರಕ್ಕೆ ಪುರುಸೊತ್ತೆಲ್ಲಿ?

ಸಂದರ್ಶನದ ದಿನ ಬಂತು. ಮಲಗುವ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಟೈ ಬಿಗಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತೆ. ಪರದೆಯಲ್ಲಿ ಬೆಳ್ಳಿಗೂದಲಿನ ಒಬ್ಬ ಮೇಡಂ ಕಾಣಿಸಿಕೊಂಡರು. ಶಾಂತ ಮುಖ. ಇತ್ತೀಚೆಗೆ ಯಾರಿಗಾದರೂ ಏನನ್ನಾದರೂ ಕಲಿಸಿದ್ದೀರಾ ಎಂದು ಒಂದೇ ಒಂದು ಪ್ರಶ್ನೆ ಕೇಳಿದರು. ಅಷ್ಟೇ! ಇಪ್ಪತ್ತು ವರ್ಷ ಪತ್ರಗಳಲ್ಲಿ ಕೂಡಿಟ್ಟಿದ್ದ ಇಂಗ್ಲಿಷೆಲ್ಲ ಅಣೆಕಟ್ಟು ಒಡೆದಂತೆ ನುಗ್ಗಿತು. ಅವರು ಆಗಾಗ ಬಾಯಿ ತೆರೆಯುತ್ತಿದ್ದರು. ನಾನು ಬಿಡಬೇಕಲ್ಲ? ವ್ಯಾಕರಣದಿಂದ ಹಿಡಿದು ಮನುಕುಲದ ಭವಿಷ್ಯದವರೆಗೆ ಎಲ್ಲವನ್ನೂ ಮುಗಿಸಿ, ಕೊನೆಗೆ ವಿನಯದಿಂದ ಕೈ ಮುಗಿದು, ಕನ್ನಡದ ನಾಲಿಗೆ ಹುಟ್ಟಿದಾಗಿನಿಂದ ಕಲಿತ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ.

"ಓಕೆ ಮೇಡಂ, ಐ ವಿಲ್ ಗೋ ಅಂಡ್ ಕಮ್."

ಹೋಗಿ ಬರ್ತೀನಿ! ಇನ್ನೇನು ಹೇಳಲಿ? ಬರೀ 'ಹೋಗ್ತೀನಿ' ಅಂದರೆ ನಮ್ಮಮ್ಮ ತಲೆಗೆ ಮೊಟಕುತ್ತಿದ್ದಳು.

"ಶೂರ್. ಟೇಕ್ ಯುವರ್ ಟೈಮ್," ಎಂದರು ಅವರು.

ಎಷ್ಟು ಮರ್ಯಾದಸ್ತ ಹೆಂಗಸು ಎಂದುಕೊಂಡೆ. ಹಿರಿಯರು ಮಾತಾಡುತ್ತಿರುವಾಗ ನಾವೇ ಫೋನ್ ಇಡುವುದು ಒರಟುತನ, ಅವರೇ ಇಡಲಿ ಎಂದು ಕಾದೆ. ಅವರ ಮುಖ ಮಾಯವಾಗಿ ಪರದೆ ಕಪ್ಪಾಯಿತು. ಕರೆ ಮುಗಿಯಿತು ಎಂದು ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಬಿಸಾಕಿ ಹೊರಬಂದೆ. ಪಾಪ, ಆ ತಾಯಿ ನಾನು ಸ್ನಾನದ ಮನೆಗೋ ಎಲ್ಲಿಗೋ ಹೋಗಿದ್ದೇನೆ, ಬರುತ್ತೇನೆ ಎಂದು ನಂಬಿ, ತಮ್ಮ ಕ್ಯಾಮರಾ ಮಾತ್ರ ಮುಚ್ಚಿ ಕಾಯುತ್ತಾ ಕುಳಿತಿದ್ದರು ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಹಾಲ್‌ನಲ್ಲಿ ಟೀ ಕುಡಿಯುತ್ತಾ ಸಂದರ್ಶನವನ್ನು ಮೊದಲಿಂದ ನೆನೆಸಿಕೊಂಡೆ. ಮೇಡಂ ಒಂದು ಮಾತನ್ನೂ ಪೂರ್ತಿ ಆಡಿರಲಿಲ್ಲ. ಒಮ್ಮೆಯೂ ನಕ್ಕಿರಲಿಲ್ಲ. ಇಂಥ ಮುಖಭಾವ ನನಗೆ ಚೆನ್ನಾಗಿ ಗೊತ್ತು. ಅರ್ಜಿ ತಿರಸ್ಕರಿಸುವಾಗ ನಮ್ಮ ಮ್ಯಾನೇಜರ್ ಮುಖ ಹೀಗೇ ಇರುತ್ತದೆ. ಟೀ ಲೋಟ ಕೆಳಗಿಟ್ಟು ಕೋಣೆಗೆ ವಾಪಸ್ ಬಂದು ಮಂಚದ ಮೇಲೆ ಬಿದ್ದುಕೊಂಡೆ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

"ಆಗಲ್ಲ ಅನ್ಸತ್ತೆ ಕಣೆ," ಎಂದೆ. "ನೀನು ಹೋಗು. ನಾನು ಹಿಂದೆ ಸೂಟ್‌ಕೇಸ್ ಎಳ್ಕೊಂಡು ಬರ್ತೀನಿ."

"ನಾನೂ ಹೋಗಲ್ಲ ಅಂತಿದೀನಿ ರೀ."

ನಾನು ಎದ್ದು ಕೂತೆ. "ಯಾಕೆ?"

"ಕಾಯಿಲೆ ಹೆಸರೆಲ್ಲ ನಂಗೆ ಇಂಗ್ಲಿಷಲ್ಲೇ ಬರತ್ತೆ. ಆದ್ರೆ ಪೇಷೆಂಟ್ ಕಾಯಿಲೆ ಹೆಸರು ಹೇಳಲ್ಲ ನೋಡಿ. ಇಲ್ಲಿ ಒಬ್ರು ಚುಚ್ಚತ್ತೆ ಅಂತಾರೆ, ಒಬ್ರು ಉರಿಯತ್ತೆ ಅಂತಾರೆ, ಇನ್ನೊಬ್ರು ಪಟಪಟ ಹೊಡ್ಕೊಳತ್ತೆ ಅಂತಾರೆ. ಅಲ್ಲಿ ನನ್ನ ಹತ್ರ ಇರೋದು 'ಪೇನ್' ಒಂದೇ. ಅವರು ಹೇಳೋದು ನಂಗೆ ಅರ್ಥ ಆಗ್ದೆ ತಪ್ಪಾಗಿಹೋದ್ರೆ? ನಿಮ್ಮನ್ನ ಕೇಳೋಣ ಅಂದ್ರೆ ನೀವು 'ದಿ ಅಲ್ಲ, ದ'ದಲ್ಲೇ ನಿಂತ್ಬಿಡ್ತೀರಿ."

ನನಗೆ ನಾಚಿಕೆಯಾಯಿತು. ಬೋಧಕನಾಗಲು ಹೊರಟ ನಾನು ಮನೆಯಲ್ಲಿ ಇಷ್ಟು ದಿನ ಬರೀ ಬಾಧಕನಾಗಿದ್ದೆ. ತಪ್ಪು ತಿದ್ದುವ ಉತ್ಸಾಹವೆಲ್ಲ ಆಗಲೇ ಇಳಿದುಹೋಗಿತ್ತು. "ಸರಿ, ನಾನೇ ಪೇಷೆಂಟ್. ನೀನು ಕೇಳು," ಎಂದು ಹೊಟ್ಟೆ ಹಿಡಿದುಕೊಂಡೆ.

"ವಾಟ್ ಕೈಂಡ್ ಪೇನ್?" ಎಂದಳು. ನಾನು ತಿದ್ದಲಿಲ್ಲ. ಕಾಣದ ಚಾಕುವಿನಿಂದ ಪಕ್ಕೆಗೆ ತಿವಿದುಕೊಂಡು ಮಂಚದ ಮೇಲೆ ಹೊರಳಿ, "ಸ್ಟ್ಯಾಬಿಂಗ್!" ಎಂದು ಕೂಗಿದೆ. ಅವಳಿಗೆ ತಟ್ಟನೆ ತಿಳಿಯಿತು. ಗಂಟಲು ಹಿಡಿದು ನಾಲಿಗೆ ಚಾಚಿ, "ಬರ್ನಿಂಗ್!" ಎಂದೆ. ತಲೆ ಹಿಡಿದು ಪಟಪಟ ಬಡಿದುಕೊಂಡು, "ಥ್ರಾಬಿಂಗ್!" ಎಂದೆ. ಅವಳು ಕಣ್ಣೊರೆಸಿಕೊಂಡು ನಗುತ್ತಾ, ಎಲ್ಲಿ, ಯಾವಾಗಿಂದ, ಊಟ ಆದ ಮೇಲೋ ಮುಂಚೆಯೋ ಎಂದೆಲ್ಲ ತನಗೆ ಬಂದ ಇಂಗ್ಲಿಷಿನಲ್ಲಿ ಕೇಳತೊಡಗಿದಳು. ಉತ್ತರ ಬರುವವರೆಗೂ ಬಿಡಲಿಲ್ಲ. ನನ್ನ ನಟನೆಯೂ ರಂಗೇರಿತು. ಆರ್ತನಾದ ಮಾಡಿದೆ, ಮಂಚದಿಂದ ಉರುಳಿದೆ, ನೆಲದ ಮೇಲೆ ಒದ್ದಾಡಿದೆ!

ಇವೆಲ್ಲವನ್ನೂ ಇಸ್ತ್ರಿ ಮೇಜಿನ ಮೇಲಿನ ಕ್ಯಾಮರಾ ಚಾಚೂ ತಪ್ಪದೆ ಆ ಮೇಡಂಗೆ ತೋರಿಸುತ್ತಿತ್ತು. ಸಂದರ್ಶನದ ಮಧ್ಯೆ ಎದ್ದು ಹೋದ ಮನುಷ್ಯ ತಿರುಗಿ ಬಂದು ಮಂಚಕ್ಕೆ ಬಿದ್ದು ನರಳುತ್ತಿದ್ದಾನೆ. ಪಕ್ಕದಲ್ಲಿ ಕೂತ ಹೆಂಗಸು ಕಣ್ಣೀರು ಒರೆಸಿಕೊಳ್ಳುತ್ತಿದ್ದಾಳೆ. ಅವರು, "ಆರ್ ಯು ಆಲ್‌ರೈಟ್?" ಎಂದು ಕೂಗಿದ್ದೇ ಕೂಗಿದ್ದಂತೆ. ಅದೆಲ್ಲ ಮೇಜಿನ ಮೇಲೆ ಬಿದ್ದಿದ್ದ ಇಯರ್‌ಫೋನಿನೊಳಗೆ ಸೊಳ್ಳೆಯ ಹಾಡಾಗಿ ಮುಗಿದುಹೋಯಿತು. ಕೊನೆಗೆ ಗಾಬರಿಯಾಗಿ, ನನ್ನ ಅರ್ಜಿಯಲ್ಲಿದ್ದ ತುರ್ತು ನಂಬರಿಗೆ ಫೋನ್ ಮಾಡಿದರು. ಡ್ಯೂಟಿಯಲ್ಲಿ ಹೆಂಡತಿ ಫೋನ್ ಎತ್ತುವುದಿಲ್ಲವೆಂದು ನಾನು ಕೊಟ್ಟಿದ್ದದ್ದು ಆಫರ್ ಅಣ್ಣನ ನಂಬರು.

ಬಾಗಿಲು ತಳ್ಳಿಕೊಂಡು ಆಫರ್ ಅಣ್ಣ ನುಗ್ಗಿದಾಗ ನಾನು ಎರಡೂ ಕೈಯಲ್ಲಿ ಎದೆ ಹಿಡಿದು, "ಕ್ರಶಿಂಗ್! ಕ್ರಶಿಂಗ್!" ಎಂದು ಕಿರುಚುತ್ತಿದ್ದೆ. ಎದೆಯ ಮೇಲೆ ಬಂಡೆ ಕೂತಂತಹ ನೋವಿಗೆ ಹಾಗೆನ್ನುತ್ತಾರೆ. ಅವನ ಹಿಂದೆ ಇಬ್ಬರು ಆಂಬುಲೆನ್ಸ್‌ನವರು, ಅವರ ಹಿಂದೆ ಸ್ಟ್ರೆಚರ್!

"ಹೆದರ್ಬೇಡ," ಎಂದ ಆಫರ್ ಅಣ್ಣ, ಏದುಸಿರು ಬಿಡುತ್ತಾ. "ನನ್ನ ಹೆಲ್ತ್ ಕಾರ್ಡಲ್ಲಿ ಒಂದು ಆಂಬುಲೆನ್ಸ್ ಫ್ರೀ ಇತ್ತು. ಈ ತಿಂಗಳು ಕಳೆದ್ರೆ ವೇಸ್ಟಾಗೋದು."

"ನಂಗೇನೂ ಆಗಿಲ್ಲ! ನಾನು ಪಾಠ ಮಾಡ್ತಿದ್ದೆ!"

ಆಂಬುಲೆನ್ಸ್‌ನವರಲ್ಲಿ ದಪ್ಪಗಿದ್ದವನು ಇನ್ನೊಬ್ಬನ ಮುಖ ನೋಡಿದ. "ಏನೇನೋ ಮಾತಾಡ್ತಿದಾರೆ. ಮಾಸ್ಕ್ ಹಾಕು." ಇಬ್ಬರೂ ನನ್ನವಳ ಆಸ್ಪತ್ರೆಯವರೇ. "ಸಿಸ್ಟರ್, ನೀವು ಅಳ್ಬೇಡಿ, ನಾವಿದೀವಿ," ಎಂದರು. ಅವಳು ಅಳುತ್ತಿರಲಿಲ್ಲ. ನಗು ತಡೆಯಲಾರದೆ ಮಾತು ಹೊರಡದೆ ಗೋಡೆಗೆ ಒರಗಿದ್ದಳು. ಕಣ್ಣು ಮಿಟುಕಿಸುವುದರೊಳಗೆ ನಾನು ಸ್ಟ್ರೆಚರ್ ಮೇಲೆ, ನನ್ನ ಮೂಗು ಬಾಯಿಗಳ ಮೇಲೆ ಆಕ್ಸಿಜನ್ ಮಾಸ್ಕ್. ಸ್ಟ್ರೆಚರ್ ತಿರುಗಿಸುವಾಗ ಅದರ ಪಟ್ಟಿ ಇಯರ್‌ಫೋನಿನ ತಂತಿಗೆ ಸಿಕ್ಕಿ ತಂತಿ ಕಿತ್ತು ಬಂತು. ಕೂಡಲೇ ಲ್ಯಾಪ್‌ಟಾಪಿನಿಂದ ಕೋಣೆಯ ತುಂಬಾ ಒಂದು ದನಿ ಮೊಳಗಿತು.

"ಈಸ್ ಹಿ ಬ್ರೀದಿಂಗ್? ಸಮ್‌ಬಡಿ ಪ್ಲೀಸ್ ಟೆಲ್ ಮಿ!"

ಪರದೆಯಲ್ಲಿ ಮತ್ತೆ ಬೆಳ್ಳಿಗೂದಲಿನ ಮೇಡಂ. ಎಲ್ಲರೂ ಕಲ್ಲಾದರು. ಆಫರ್ ಅಣ್ಣ ಆಂಬುಲೆನ್ಸ್‌ನವರ ಹಿಂದೆ ಸರಿದ, ಆಂಬುಲೆನ್ಸ್‌ನವರು ಆಫರ್ ಅಣ್ಣನ ಹಿಂದೆ ಸರಿದರು. ಇಂಗ್ಲಿಷಿನ ಮಹಾಪಂಡಿತ ಮಾಸ್ಕಿನೊಳಗಿದ್ದ. ನನ್ನವಳು ಒಮ್ಮೆ ನನ್ನನ್ನು ನೋಡಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಲ್ಯಾಪ್‌ಟಾಪ್ ಮುಂದೆ ಹೋಗಿ ನಿಂತಳು.

"ಮೇಡಂ, ಐ ಆಮ್ ಹಿಸ್ ವೈಫ್. ಐ ಆಮ್ ನರ್ಸ್. ಹಿ ಹ್ಯಾವ್ ನೋ ಪೇನ್."

"ಹ್ಯಾಸ್," ಎಂದೆ. ಮಾಸ್ಕಿನಿಂದ ಹೊರಬಂದದ್ದು ಬರೀ "ಹಾ... ಸ್...".

"ಉಸಿರಿಗೆ ಕಷ್ಟ ಆಗ್ತಿದೆ, ಜಾಸ್ತಿ ಮಾಡು," ಎಂದ ದಪ್ಪಗಿನವನು. ಇನ್ನೊಬ್ಬ ಸಿಲಿಂಡರ್ ತಿರುಪಿದ. ಆಮೇಲೆ ನಾನು ಬಾಯಿ ತೆರೆಯಲಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ತನಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದ್ದು, ತನಗಿದ್ದ ಭಯ, ಗಂಡ ಪೇಷೆಂಟ್ ಆದದ್ದು. ಸ್ಟ್ಯಾಬಿಂಗ್, ಬರ್ನಿಂಗ್, ಥ್ರಾಬಿಂಗ್, ಕ್ರಶಿಂಗ್, ನಾಲ್ಕನ್ನೂ ಕೈಯಲ್ಲಿ ಮಾಡಿ ತೋರಿಸಿದಳು. ಮೇಡಂ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಳು. ತಡವರಿಸಿದಳು, ಆದರೆ ನಿಲ್ಲಲಿಲ್ಲ. ಅವಳ ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು. ಸ್ಟ್ರೆಚರ್ ಮೇಲೆ ಮಲಗಿ ಕೇಳುತ್ತಿದ್ದ ನನಗೆ ಅದಕ್ಕಿಂತ ಚಂದದ ಇಂಗ್ಲಿಷ್ ಕೇಳಿದ ನೆನಪಿಲ್ಲ. ಕಣ್ಣು ಒದ್ದೆಯಾಯಿತು. ಆಂಬುಲೆನ್ಸ್‌ನವರು ಅದನ್ನೂ ರೋಗದ ಲಕ್ಷಣವೆಂದೇ ತಿಳಿದರು.

ಕೊನೆಗೂ ನನ್ನನ್ನು ಬಿಚ್ಚಿ ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ಮೇಡಂ ಮೊದಲ ಸಲ ನಕ್ಕರು. ನನಗೆ ಸೀಟು ಇಲ್ಲವೆಂದು ಆಗಲೇ ತೀರ್ಮಾನಿಸಿದ್ದರಂತೆ, ಬರುತ್ತೇನೆ ಅಂದಿದ್ದೆನಲ್ಲ, ಎದುರಿಗೇ ಹೇಳಿಬಿಡೋಣ ಎಂದು ಕಾದಿದ್ದರಂತೆ. ಈಗ ಮನಸ್ಸು ಬದಲಾಗಿದೆ ಎಂದರು. ಮೇಷ್ಟ್ರು ಕಡಿಮೆ ಮಾತಾಡಬೇಕು, ವಿದ್ಯಾರ್ಥಿ ಜಾಸ್ತಿ ಮಾತಾಡಬೇಕು, ನಮ್ಮ ಕೋರ್ಸಿನ ಮೊದಲ ಪಾಠ ಇದೇ, ಸಂದರ್ಶನದಲ್ಲಿ ನಿಮಗೆ ಇದು ಎಂದಿಗೂ ಬರುವುದಿಲ್ಲ ಅನ್ನಿಸಿತ್ತು, ಆಮೇಲೆ ನಿಮ್ಮ ಹೆಂಡತಿ ಮಾತಾಡಿದ್ದು ನೋಡಿದರೆ ಬಂತು, ನಿಮಗೆ ಸೀಟು ಕೊಟ್ಟಿದ್ದೇನೆ ಎಂದರು. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಅವತ್ತೇ ಸಂಜೆ ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಆಂಬುಲೆನ್ಸ್‌ನವರು ಒಬ್ಬರ ಮುಖಕ್ಕೆ ಹಾಕಿದ ಮಾಸ್ಕನ್ನು ಇನ್ನೊಬ್ಬರಿಗೆ ಹಾಕುವುದಿಲ್ಲವಂತೆ, ಬಿಟ್ಟು ಹೋಗಿದ್ದರು. ನಾನು ಕಸದ ಬುಟ್ಟಿಗೆ ಹಾಕಲು ಹೋದರೆ ಅವಳು ಕಿತ್ತುಕೊಂಡಳು.

ಕೋರ್ಸಿನ ಮೊದಲ ದಿನ ಬೆಳಿಗ್ಗೆ ನನ್ನ ಚೀಲ ಅವಳೇ ತುಂಬಿಸಿದಳು. ತೆರೆದು ನೋಡಿದೆ. ಪುಸ್ತಕ, ಪೆನ್ನು, ನೀರಿನ ಬಾಟಲಿ, ಎಲ್ಲಕ್ಕಿಂತ ಮೇಲೆ ಚೆನ್ನಾಗಿ ತೊಳೆದು ಒಣಗಿಸಿದ ಆಕ್ಸಿಜನ್ ಮಾಸ್ಕ್.

"ಇದ್ಯಾಕೆ?"

"ಪಾಠ ಮಾಡೋವಾಗ ಹಾಕ್ಕೊಳಿ."

"ಇದನ್ನ ಹಾಕ್ಕೊಂಡ್ರೆ ನನಗೆ ಮಾತಾಡೋಕೆ ಆಗಲ್ವಲ್ಲೇ!"

"ಅದಕ್ಕೇ ಇಟ್ಟಿದ್ದು," ಎಂದು ಚೀಲದ ಜಿಪ್ ಎಳೆದಳು.